ತಾರದ ಹಲಗೆ

ಅಪ್ಪನ ಪೆಟ್ಟಿಗೆಯಲ್ಲಿ ಉಳಿದದ್ದು ಮೂರೇ:
ಊದುಗೊಳವೆ, ಗುಲಗಂಜಿಯ ಚೀಲ,
ಮತ್ತೆ ಈ ಹಲಗೆ, ಹಲಸಿನ ಮರದ್ದು, ಎರಡು ಅಂಗೈಯಗಲ.
ಹತ್ತು ಸಾಲು, ಸಾಲಿಗೆ ಹತ್ತು ಕುಳಿ.
ಕೋಡಿಬಾಗದ ಮಕ್ಕಳು ಚನ್ನೆಮಣೆ ಎಂದುಕೊಂಡು
ಹುಣಸೆಬೀಜ ತಂದು ಕೂತರು. ಬೀಜ ಕೂರಲಿಲ್ಲ.

ಇದು ಬೀಜಕ್ಕಲ್ಲ, ತಾರಕ್ಕೆ.
ಬೆವರಿದ ಕೈಗೆ ಅಂಟಿಯೇ ಕಳೆದುಹೋಗುವ,
ಉಗುರಿನ ಸಂದಿಯಲ್ಲಿ ಅಡಗುವ,
ಉಫ್ ಎಂದರೆ ಹಾರುವ ಬೆಳ್ಳಿಯ ಚೂರು.
ತಾರ್ಲೆ ಮೀನಿನ ಹುರುಪೆಯಷ್ಟು.
ಅಜ್ಜಿ ಹೇಳುತ್ತಿದ್ದಳು, ಮೀನು ಹೆರೆದ ಸಂಜೆ
ನಮ್ಮ ಅಂಗಳ ನೋಡಿದ ಕಳ್ಳ ಎರಡು ಸಲ ಬಂದನಂತೆ.

ಬೆರಳಲ್ಲಿ ಎಣಿಸಿದರೆ ಹೊತ್ತು ಮುಳುಗುತ್ತದೆ.
ಅದಕ್ಕೇ ಹಲಗೆ: ಒಂದು ಹಿಡಿ ಸುರಿ,
ಮೊರದಲ್ಲಿ ಅಕ್ಕಿ ಕೇರುವ ಹಾಗೆ ಮೆಲ್ಲಗೆ ಅಲುಗಿಸು,
ಕುಳಿಗೊಂದು ಕೂತ ಮೇಲೆ ಮಿಕ್ಕದ್ದನ್ನು ಸವರಿ ತೆಗೆ.
ನೂರು. ಇನ್ನೊಮ್ಮೆ. ಇನ್ನೂರು.
ಕಡವಾಡದ ಕೋಠಿಯಲ್ಲಿ ಹೀಗೇ ಎಣಿಸಿದವನು
ನಮ್ಮ ಮೂಲದವ, ಗೋಮಾ ಶೇಟ.
ಟೊಪ್ಪಿಗೆಯವರ ಸಂಬಳ, ಕಾಳಿ ಹೊಳೆಯ ಗಾಳಿ.
ದೋಣಿ ತುಂಬ ಮೆಣಸು ಬಂದ ದಿನ
ಸೀನುತ್ತ ಸೀನುತ್ತ ಎಣಿಸುತ್ತಿದ್ದನಂತೆ.
ಸೀನಿದರೆ ಹಲಗೆ ಚೆಲ್ಲುತ್ತದೆ. ಮತ್ತೆ ಒಂದರಿಂದ.

ಮನೆಯಲ್ಲಿ ಒಂದು ಮಾತುಂಟು, ಎರಡು ಬಾಯಿಯಲ್ಲಿ.
ನೂರರಲ್ಲಿ ಒಂದು ಕುಳಿಯನ್ನು ಗೋಮಾ ಶೇಟ
ರಾತ್ರಿ ಕೂತು ಆಳ ಮಾಡಿದ, ಒಂದರ ಮೇಲೊಂದು
ಎರಡು ತಾರ ಕೂರುವಷ್ಟು.
ಕಣ್ಣಿಗೆ ನೂರು, ಒಳಗೆ ನೂರಾ ಒಂದು.

ಅಜ್ಜಿಯ ಬಾಯಿಯಲ್ಲಿ ಅದು ಪುಣ್ಯ:
ಘಟ್ಟದ ಬುಡದಿಂದ ಮೆಣಸು ಹೊತ್ತು ಬಂದ ಹಾಲಕ್ಕಿ ಹೆಂಗಸು,
ಹೆಸರೂ ಬೆಳ್ಳಿಯೇ, ಎಣಿಕೆ ಬಾರದವಳು,
ಮಡಿಲೊಡ್ಡಿ ನಿಂತಾಗ, ಹಲಗೆ ಬೋರಲು ಹಾಕಿದಾಗ
ಕೋಠಿಯ ಗಂಟಿನಿಂದ ಒಂದು ತಾರ ಹೆಚ್ಚೇ ಬಿತ್ತು,
ಪ್ರತಿ ನೂರಕ್ಕೂ.

ಚಿಕ್ಕಪ್ಪನ ಬಾಯಿಯಲ್ಲಿ ಬೇರೆ:
ಅದೇ ಬೆಳ್ಳಿ ಮರುವಾರ ಉಪ್ಪಿಗೆ ಬಂದಳಲ್ಲ,
ಸಾಲ ತೀರಿಸಲು ಬಂದಳಲ್ಲ, ಆಗ ಇದೇ ಹಲಗೆ
ಅವಳ ಮಡಿಲಿನಿಂದ ನೂರಾ ಒಂದು ನುಂಗಿ
ನೂರು ಎಂದಿತು.

ಒಂದೇ ಕುಳಿ. ಯಾವ ಕಡೆಗೆ ಬಗ್ಗಿಸಿದರೆ ಆ ಕಡೆಯ ನ್ಯಾಯ.
ಅಪ್ಪ ಎರಡನ್ನೂ ಕೇಳಿದ್ದ. ಬಾಯಲ್ಲಿ ಊದುಗೊಳವೆ ಇತ್ತು,
ಏನೂ ಹೇಳಲಿಲ್ಲ.

ಮೊನ್ನೆ ಅಂಗಡಿ ಮುಚ್ಚಿ ಸೂಜಿ ಹಿಡಿದು ಕೂತೆ.
ಒಂದೊಂದೇ ಕುಳಿ ಅಳೆದೆ. ನೂರೂ ಸಮ.
ಪುಣ್ಯವೂ ಸುಳ್ಳು, ಪಾಪವೂ ಸುಳ್ಳು ಎಂದು
ನಗು ಬಂತು, ಸ್ವಲ್ಪ ಬೇಜಾರೂ.
ಎಣ್ಣೆಬಟ್ಟೆಯಲ್ಲಿ ಒರೆಸಿ ಎತ್ತಿಡುವಾಗ
ನಾಲ್ಕನೆಯ ಸಾಲಿನ ಏಳನೆಯದರಲ್ಲಿ
ಬೆರಳಿಗೆ ತಣ್ಣಗಾಯಿತು.
ಮರ ಹಾಗೆ ತಣ್ಣಗಿರುವುದಿಲ್ಲ.

ಕಪ್ಪಾಗಿ, ಮರದ ಬಣ್ಣವನ್ನೇ ಹೊದ್ದು
ತಳದಲ್ಲಿ ಕೂತಿದೆ ಒಂದು ತಾರ.
ಅದರ ಮೇಲೆ ಇನ್ನೊಂದಕ್ಕಷ್ಟೇ ಜಾಗ.
ಅಂಚಿನಲ್ಲಿ ಏನೋ ಕೆಂಪು: ಅರಗೋ,
ತಲೆಮಾರುಗಳ ಕೊಳೆಯೋ.
ಅರಗಾದರೆ ಯಾರೋ ಬೇಕೆಂದೇ ಮುಚ್ಚಿದ್ದಾರೆ,
ಗೋಮಾ ಶೇಟನೇ ಇರಬಹುದು, ಯಾವ ರಾತ್ರಿಯೋ.
ಕೊಳೆಯಾದರೆ ತಾನಾಗಿ ಸಿಕ್ಕಿಕೊಂಡದ್ದು;
ಯಾರೂ ಪಶ್ಚಾತ್ತಾಪ ಪಡದೆ ಹಲಗೆ ಸಾಚಾ ಆಯಿತು.
ಸೂಜಿಯ ಮೊನೆ ಕಾಯಿಸಿ ತಾಗಿಸಿದರೆ ಗೊತ್ತಾಗುತ್ತದೆ.
ಅರಗು ಕರಗುತ್ತದೆ, ಕೊಳೆ ಸುಡುತ್ತದೆ.
ನನ್ನ ಕಸುಬೇ ಅದು.

ದೀಪ ಹಚ್ಚಿದ್ದೆ. ಸೂಜಿ ಕೆಂಪಾಗಿತ್ತು ಕೂಡ.
ಅಷ್ಟರಲ್ಲಿ ಬೈತಖೋಲದ ಗುಲಾಬಿ ಹರಿಕಂತ್ರ,
ಬುಟ್ಟಿ ಇನ್ನೂ ತಲೆಯ ಮೇಲೆ, ಅರೆಬಾಗಿಲು ಬಡಿದಳು.
ಮೊಮ್ಮಗಳ ಗೆಜ್ಜೆಗೆ ಚಪ್ಪಟೆ ಮಣಿ ನೂರು ಬೇಕಂತೆ, ಈಗಲೇ.
ಹಲಗೆಯ ಮೇಲೆ ಸುರಿದೆ. ಅಲುಗಿಸಿದೆ. ಸವರಿದೆ.
ನೂರು, ಅಂದೆ.
ಅವಳು ಎಣಿಸಿಕೊಳ್ಳಲಿಲ್ಲ.